ಪಾಸಾದವರ ಪಟ್ಟಿಯಲ್ಲಿ ನಾನು

ಗುಬ್ಬಿಯಿಂದ ಅವಳು ಮೊದಲ ಸಲ ಫೋನ್ ಮಾಡಿದಾಗ ದೂರಿದ್ದು ಇಂಟರ್‌ನೆಟ್ಟನ್ನು.

“ಮೇಷ್ಟ್ರೇ, ವಿಡಿಯೊ ಆರು ನಿಮಿಷ ಓಡುತ್ತೆ, ಆಮೇಲೆ ಗಪ್‌ಚಿಪ್. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಮೊದ್ಲಿಂದ ಶುರುವಾಗುತ್ತೆ. ನಾಲ್ಕು ದಿನದಿಂದ ಅದೇ ಆರು ನಿಮಿಷ ಕೇಳ್ತಾ ಇದೀನಿ, ಬಾಯಿಪಾಠ ಆಗೋಗಿದೆ. ಇಲ್ಲಿ ನೆಟ್ಟೇ ಸರಿ ಇಲ್ಲ ಅನ್ಸುತ್ತೆ.”

ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಊರು ಗುಬ್ಬಿ ತಾಲ್ಲೂಕಿನ ಕಡಬ, ಕೆಲಸ ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ. ಹುಟ್ಟಿನಿಂದಲೂ ಕಣ್ಣು ಕಾಣದು. ನನಗೂ ಕಾಣದು. ನಾನು ಅದೇ ಇಲಾಖೆಯ ತುಮಕೂರು ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಮಾತ್ರ ಶಿರಾ ಗೇಟ್ ಹತ್ತಿರ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮಂಥವರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಇದ್ದರೆ ನಮಗೆ ಮೌಸ್ ಬೇಕಿಲ್ಲ, ಎಲ್ಲ ಕೆಲಸವೂ ಕೀಬೋರ್ಡಿನಲ್ಲೇ ನಡೆಯುತ್ತದೆ. ನಡೆಯಬೇಕು ಎನ್ನುವುದು ಲೆಕ್ಕ.

ಇಲಾಖೆಗೆ ಹೊಸದಾಗಿ ಸೇರಿದವರು ತರಬೇತಿ ಪೋರ್ಟಲಿನಲ್ಲಿ ವಿಡಿಯೊ ಪಾಠಗಳನ್ನು ನೋಡಿ, ನಡುನಡುವೆ ಬರುವ ಪ್ರಶ್ನೆಗಳಿಗೆ ಉತ್ತರಿಸಿ ಸರ್ಟಿಫಿಕೇಟ್ ಪಡೆಯಬೇಕು. ಅದು ಕೈಗೆ ಬಂದರಷ್ಟೇ ಪ್ರೊಬೇಷನ್ ಮುಗಿದಂತೆ. ಅವಳ ಪ್ರೊಬೇಷನ್ ಆಗಲೇ ಒಂದು ಸಲ ಮುಂದಕ್ಕೆ ಹೋಗಿತ್ತು. ಮುಂದಿನ ತಿಂಗಳ ಕೊನೆಯೊಳಗೆ ಸರ್ಟಿಫಿಕೇಟ್ ಕೊಡದಿದ್ದರೆ ಕೆಲಸದಿಂದ ಬಿಡುಗಡೆ ಮಾಡುವ ಬಗ್ಗೆ ಪರಿಶೀಲಿಸಲಾಗುವುದು ಎಂದು ಅವಳ ಮೇಲಧಿಕಾರಿ ಪತ್ರ ಕೊಟ್ಟಿದ್ದರು. ಸರ್ಕಾರಿ ಪತ್ರದಲ್ಲಿ ‘ಪರಿಶೀಲಿಸಲಾಗುವುದು’ ಎಂದರೆ ಏನೆಂದು ಇಷ್ಟು ವರ್ಷ ಟೈಪ್ ಮಾಡಿದ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಭಾನುವಾರ ಲ್ಯಾಪ್‌ಟಾಪ್ ಸಮೇತ ಬರಹೇಳಿದೆ. ಪುಟ ತೆರೆದದ್ದೇ ತಡ, ಪಾಠ ತಾನಾಗಿ ಶುರುವಾಯಿತು. ಪಾಠ ಹೇಳುವ ಹೆಂಗಸಿನ ಧ್ವನಿ, ಅದರ ಮೇಲೆ ನಮ್ಮ ಸ್ಕ್ರೀನ್ ರೀಡರಿನ ಧ್ವನಿ, ಕೆಳಗೆ ರಸ್ತೆಯಲ್ಲಿ ಲಾರಿಗಳ ಹಾರ್ನು. ಪಾಠದ ಸದ್ದು ತಗ್ಗಿಸೋಣವೆಂದು ಟ್ಯಾಬ್ ಒತ್ತಿದೆ. ಪುಟದಲ್ಲಿ ಒಂದು ಬಟನ್ನಿನಿಂದ ಮುಂದಿನ ಬಟನ್ನಿಗೆ ಹೋಗುವ ಕೀ ಅದು. ಮೇಲಿನ ‘ಲಾಗ್ ಔಟ್’ನಿಂದ ಅದು ನೇರವಾಗಿ ಪುಟದ ಬುಡದ ‘ನಮ್ಮನ್ನು ಸಂಪರ್ಕಿಸಿ’ಗೆ ಹೋಗಿ ಕುಳಿತಿತು. ನಡುವೆ ಇಡೀ ವಿಡಿಯೊ ಪ್ಲೇಯರ್ ಇತ್ತು. ನಿಲ್ಲಿಸುವ, ಹಿಂದೆ ಹೋಗುವ, ಸದ್ದು ತಗ್ಗಿಸುವ ಬಟನ್ನುಗಳೆಲ್ಲ ಅದರಲ್ಲೇ ಇದ್ದವು. ಅವನ್ನು ಮಾಡಿದವರು ಮೌಸಿಗಷ್ಟೇ ಸಿಗುವಂತೆ ಮಾಡಿದ್ದರು. ಸ್ಕ್ರೀನ್ ರೀಡರಿನ ಮಟ್ಟಿಗೆ ಅಲ್ಲಿ ಏನೂ ಇರಲಿಲ್ಲ.

ಆರನೇ ನಿಮಿಷಕ್ಕೆ ಸದ್ದು ನಿಂತಿತು. ನಾನು ಕೆಳಗಿನ ಟೈರ್ ಅಂಗಡಿಯ ಮಾಲೀಕರನ್ನು ಕೂಗಿ ಕರೆದೆ. ಅವರು ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದು ಪರದೆ ನೋಡಿದರು.

“ಏನೋ ಪ್ರಶ್ನೆ ಕೇಳ್ತಾ ಐತೆ ಸಾರ್. ನಾಲ್ಕು ಫೈಲು ಅವೆ, ಪಕ್ದಲ್ಲಿ ನಾಲ್ಕು ಬೀರು. ಯಾವ ಫೈಲು ಯಾವ ಬೀರುಗೆ ಅಂತ ಎಳ್ದು ಹಾಕ್ಬೇಕಂತೆ. ಮೇಲ್ಗಡೆ ಟೈಮ್ ಓಡ್ತಾ ಐತೆ. ಹತ್ತು, ಒಂಬತ್ತು... ಹೋಯ್ತು. ಮತ್ತೆ ಮೊದ್ಲಿಗೆ ಬಂತು ನೋಡಿ.”

ನೆಟ್ ಸರಿಯಾಗಿಯೇ ಇತ್ತು. ನಾಲ್ಕು ದಿನ ಅವಳು ಒಂದು ಪ್ರಶ್ನೆಯ ಎದುರಿಗೆ ಕುಳಿತಿದ್ದಳು, ಪ್ರಶ್ನೆ ಕೇಳಿದ್ದಾರೆಂದೇ ಗೊತ್ತಿರಲಿಲ್ಲ. ಇಬ್ಬರೂ ನಕ್ಕುಬಿಟ್ಟೆವು. ನನಗಂತೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯೇ ಆಯಿತು. ಇಷ್ಟು ಸ್ಪಷ್ಟವಾದ ತಪ್ಪು ಸಿಗುವುದು ಅಪರೂಪ. ಇದನ್ನು ಹಿಡಿದುಕೊಂಡು ಹೋದರೆ ಯಾರಾದರೂ ಒಪ್ಪಲೇಬೇಕು ಅನ್ನಿಸಿತು.

“ನಮ್ಮ ಆಫೀಸಲ್ಲಿ ಆಪರೇಟರ್ ಅಕ್ಕ ಅವ್ರೆ. ಪಾಸ್‌ವರ್ಡ್ ಕೊಟ್ರೆ ಕೂತು ಕ್ಲಿಕ್ ಮಾಡ್ಕೊಡ್ತೀನಿ, ಅರ್ಧ ದಿನದ ಕೆಲ್ಸ ಅಂದ್ರು,” ಎಂದಳು ಅವಳು.

“ಬೇಡ, ತಡಿ. ಇದನ್ನ ಸರಿ ಮಾಡ್ಸೋಣ.”

“ಟೈಮ್ ಇದ್ಯಾ ಮೇಷ್ಟ್ರೇ?”

“ಬೇಕಾದಷ್ಟಿದೆ ಕಣಮ್ಮಾ.”

ಅವಳು ಹೂಂ ಎಂದಳು. ಹತ್ತನೇ ತರಗತಿ ಮುಗಿಸಿ ಬಂದವಳಿಗೆ ಕೀಬೋರ್ಡಿನ ಮೇಲೆ ಬೆರಳಿಡಲು ಕಲಿಸಿದವನು ನಾನು. ನನ್ನ ಮಾತಿಗೆ ಅವಳು ಎದುರಾಡಿದ್ದೇ ಇಲ್ಲ.

ವರದಿ ತಯಾರಿಸಲು ಎರಡು ದಿನ ಬೇಕಾಯಿತು. ಯಾವ ಪುಟ, ಯಾವ ಕೀ ಒತ್ತಿದೆ, ಏನು ಕೇಳಿಸಬೇಕಿತ್ತು, ಏನು ಕೇಳಿಸಿತು ಎಂದು ಪಾಠ ಪಾಠಕ್ಕೂ ಬರೆದೆ. ಪ್ರಶ್ನೆ ದಾಟದಿದ್ದರೂ ಮುಂದಿನ ಪಾಠಗಳನ್ನು ಪಟ್ಟಿಯಿಂದ ತೆರೆದು ಕೇಳಬಹುದಿತ್ತು. ಮೂರನೇ ಪಾಠದಲ್ಲಿ ‘ಪರದೆಯ ಮೇಲಿನ ಈ ನಮೂನೆಗಳನ್ನು ಚೆನ್ನಾಗಿ ಗಮನಿಸಿ’ ಎಂದು ಹೇಳಿ ಆಮೇಲೆ ಬರೀ ವೀಣೆ ನುಡಿಸುತ್ತಾರೆ. ಅದನ್ನೂ ಬರೆದೆ. ಬಟನ್ನುಗಳಿಗೆ ಹೆಸರು ಕೊಡಿ, ಕೀಬೋರ್ಡಿಗೆ ಸಿಗುವಂತೆ ಮಾಡಿ, ಪ್ರಶ್ನೆ ಬಂದಾಗ ಸ್ಕ್ರೀನ್ ರೀಡರಿಗೆ ತಿಳಿಸಿ, ಎಳೆದು ಹಾಕುವ ಬದಲು ಪಟ್ಟಿಯಿಂದ ಆರಿಸಲು ಬಿಡಿ. ಕೇಳಿದ್ದು ಇಷ್ಟೇ ನಾಲ್ಕು. ಎಲ್ಲವನ್ನೂ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಜೊತೆಗೆ ಕಳಿಸಿದೆ.

ಪೋರ್ಟಲಿನ ಸಹಾಯವಾಣಿಯಿಂದ ಮಾರನೇ ದಿನವೇ ಉತ್ತರ ಬಂತು. ಬೇರೆ ಬ್ರೌಸರಿನಲ್ಲಿ ಪ್ರಯತ್ನಿಸಿ, ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಬೇರೆ ಬ್ರೌಸರಿನಲ್ಲಿ ಪ್ರಯತ್ನಿಸಿ ಮತ್ತೆ ದೂರು ಕೊಟ್ಟೆ. ಕಂಪ್ಯೂಟರ್ ಮರುಚಾಲನೆ ಮಾಡಿ, ಮುಕ್ತಾಯಗೊಳಿಸಲಾಗಿದೆ. ಮೂರನೇ ಸಲ ಸ್ಕ್ರೀನ್‌ಶಾಟ್ ಕೇಳಿದರು. ಕಣ್ಣು ಕಾಣದವನು ಕಿವಿಗೆ ಬೀಳದ್ದನ್ನು ದೂರುತ್ತಿದ್ದರೆ ಚಿತ್ರ ಕಳಿಸು ಎನ್ನುತ್ತಾರೆ! ಟೈರ್ ಅಂಗಡಿಯವರ ಕೈಯಲ್ಲಿ ಅದನ್ನೂ ತೆಗೆಸಿ ಕಳಿಸಿದೆ. ಚಿತ್ರ ಸ್ಪಷ್ಟವಾಗಿದೆ, ಪ್ಲೇಯರ್ ಸರಿಯಾಗಿ ಕಾಣುತ್ತಿದೆ, ಮುಕ್ತಾಯಗೊಳಿಸಲಾಗಿದೆ.

ಮೂರು ವಾರ ಹೀಗೇ ಹೋಯಿತು. ಕೊನೆಗೆ ಜಿಲ್ಲೆಯ ತರಬೇತಿ ನೋಡಿಕೊಳ್ಳುವ ಅಧಿಕಾರಿಯ ಬಾಗಿಲಿಗೇ ಹೋಗಿ ಕುಳಿತೆ. ಒಳ್ಳೆಯ ಮನುಷ್ಯ. ಪೋರ್ಟಲ್ ಮಾಡಿದ ಕಂಪನಿಯ ಎಂಜಿನಿಯರನ್ನು ಬೆಂಗಳೂರಿನಿಂದ ಕರೆಸಿ ಸಭೆ ಇಟ್ಟರು. ನಾನು ಲ್ಯಾಪ್‌ಟಾಪಿಗೆ ಸ್ಪೀಕರ್ ಹಾಕಿ, ಟ್ಯಾಬ್ ಒತ್ತುತ್ತಾ, ಸ್ಕ್ರೀನ್ ರೀಡರ್ ಪ್ಲೇಯರನ್ನು ದಾಟಿಕೊಂಡು ಹೋಗುವುದನ್ನು ಮೂರು ಸಲ ಕೇಳಿಸಿದೆ. ಎಂಜಿನಿಯರ್ ಎದ್ದು ಬಂದು ಮೌಸ್ ಹಿಡಿದ. ವಿಡಿಯೊ ಓಡಿತು.

“ಪ್ಲೇ ಆಗ್ತಾ ಇದೆಯಲ್ಲ ಸಾರ್?”

“ನೀವು ಕ್ಲಿಕ್ ಮಾಡಿದ್ರೆ ಆಗುತ್ತಪ್ಪ. ನಾನು ಹೆಂಗೆ ಕ್ಲಿಕ್ ಮಾಡ್ಲಿ?”

ಅಧಿಕಾರಿ ಗಂಟಲು ಸರಿಮಾಡಿಕೊಂಡರು. ಅವರ ಕೈಯಲ್ಲಿ ಕಾಗದ ಸರಿದ ಸದ್ದು.

“ನೋಡಿ, ನಾನು ಪಟ್ಟಿ ತರಿಸಿದೀನಿ. ಕಳೆದ ವರ್ಷ ಹಳೇ ನೌಕರರೂ ಇದೇ ಕೋರ್ಸ್ ಮಾಡಿದ್ರು. ನಮ್ಮ ಜಿಲ್ಲೆಯ ಅಂಧ ನೌಕರರು ಎಲ್ಲರೂ ಪಾಸು. ಒಬ್ರೂ ಫೇಲ್ ಆಗಿಲ್ಲ, ಒಂದು ಕಂಪ್ಲೇಂಟೂ ಬಂದಿಲ್ಲ. ನಿಮ್ಮ ಹೆಸರೂ ಇದೆ. ಮೊದಲನೇ ಪ್ರಯತ್ನ, ಗ್ರೇಡ್ ‘ಅತ್ಯುತ್ತಮ’. ಈಗ ಈ ಹುಡುಗಿಗೆ ಮಾತ್ರ ಯಾಕೆ ಆಗಲ್ಲ?”

ನಾನು ಸ್ಪೀಕರಿನ ವೈರು ಕಿತ್ತು ಸುತ್ತತೊಡಗಿದೆ.

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಇಂಥದ್ದೇನಾದರೂ ಬಂದರೆ ಕಣ್ಣಿರುವ ಒಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾಸ್‌ವರ್ಡ್ ಕೊಟ್ಟುಬಿಡುವುದು. ಬ್ಯಾಂಕಿನ ಅರ್ಜಿ, ಪಾಸ್‌ಬುಕ್, ಪರೀಕ್ಷೆಯ ಶುಲ್ಕ, ಎಲ್ಲಕ್ಕೂ ಹೀಗೇ. ಜಗಳವಾಡಿ ಸರಿ ಮಾಡಿಸುವುದಕ್ಕಿಂತ ಒಂದು ಕಾಫಿ ಕುಡಿಸಿ ಕೆಲಸ ಮುಗಿಸಿಕೊಳ್ಳುವುದು ಸುಲಭ. ಕಳೆದ ವರ್ಷ ನನ್ನ ಕೋರ್ಸನ್ನು ಪಕ್ಕದ ಮೇಜಿನ ಸಹೋದ್ಯೋಗಿ ಊಟದ ಬಿಡುವಿನಲ್ಲಿ ಕೋಡುಬಳೆ ಮುರಿಯುತ್ತಾ ಮುಗಿಸಿಕೊಟ್ಟಿದ್ದರು. ನಾನು ಆ ಹೊತ್ತಿನಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದೆ. ಪಟ್ಟಿಯಲ್ಲಿದ್ದ ಅಷ್ಟೂ ಜನ ಹೀಗೆಯೇ ಪಾಸಾದವರು. ಹಾಗೆ ಮಾಡಿಕೊಳ್ಳಿ ಎಂದು ಭಾನುವಾರದ ತರಗತಿಯಲ್ಲಿ ಅವರಲ್ಲಿ ಅರ್ಧ ಜನಕ್ಕೆ ಹೇಳಿಕೊಟ್ಟವನೂ ನಾನೇ.

ಸಭೆ ಮುಗಿದ ಮೇಲೆ ಎಂಜಿನಿಯರ್ ಮೆಟ್ಟಿಲಿನವರೆಗೆ ನನ್ನ ಜೊತೆ ಬಂದ. “ಸಾರ್, ನೀವು ಹೇಳಿದ್ದು ನಂಗೆ ಅರ್ಥ ಆಯ್ತು. ಬಟನ್ನುಗಳಿಗೆ ಹೆಸರು ಹಾಕಿಸಿ ಕೀಬೋರ್ಡಿಗೆ ಸಿಗೋ ಹಾಗೆ ಮಾಡಿಸ್ತೀನಿ, ಅದು ಸುಲಭ. ಪ್ರಶ್ನೆ ಬದಲಾಯಿಸೋದು ನನ್ನ ಕೈಲಿಲ್ಲ. ಮೇಲಿನವರು ಡೇಟಾ ಕೇಳ್ತಾರೆ. ಡೇಟಾದಲ್ಲಿ ಒಂದು ಫೇಲ್ಯೂರ್ ಆದ್ರೂ ತೋರಿಸಿದ್ರೆ ನಾನು ಕೇಳ್ಬೋದು. ನಿಮ್ಮವರೆಲ್ಲ ಪಾಸು!” ಎಂದ.

ಅವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಮೇಲೇ ಬಂತು. ಆ ಸಿಟ್ಟಿನಲ್ಲೇ ಮಾರನೇ ದಿನ ರಜೆ ಹಾಕಿ ಕುಣಿಗಲ್ ಬಸ್ ಹತ್ತಿದೆ.

ಕುಣಿಗಲ್ಲಿನಲ್ಲಿ ನನ್ನ ಹಳೆಯ ಗೆಳೆಯನಿದ್ದಾನೆ. ಹಾಸ್ಟೆಲಿನಲ್ಲಿ ಒಂದೇ ಬ್ರೈಲ್ ಪುಸ್ತಕವನ್ನು ಇಬ್ಬರೂ ಎರಡು ಬದಿಯಿಂದ ಓದಿದವರು. ಪಾಸಾದವರ ಪಟ್ಟಿಯಲ್ಲಿ ಅವನೂ ಇದ್ದ. ನಮ್ಮ ಪರೀಕ್ಷೆ ನಾವು ಬರೆದದ್ದಲ್ಲ ಎಂದು ಇಬ್ಬರೂ ಸಹಿ ಹಾಕೋಣ, ಒಬ್ಬನ ಮಾತಿಗಿಂತ ಇಬ್ಬರದು ಗಟ್ಟಿ ಎಂದೆ. ಅವನು ಕ್ಯಾಂಟೀನಿನಲ್ಲಿ ಟೀ ಆರಿಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡ.

“ಇರೋ ಸರ್ಟಿಫಿಕೇಟ್ ಕಿತ್ಕೊಂಡ್ರೆ ನೀನು ಕೊಡ್ತೀಯೇನ್ಲಾ?”

“ಕಿತ್ಕೊಂಡ್ರೆ ಕಿತ್ಕೊಳ್ಳಿ ಬಿಡೋ. ಆ ಹುಡುಗಿ ಕೆಲ್ಸ ಹೋಗ್ತದೆ ಕಣೋ.”

“ಆ ಹುಡುಗಿಗೆ ಕ್ಲಿಕ್ ಮಾಡ್ಕೊಡಕ್ಕೆ ಯಾರೂ ಇಲ್ವಾ?”

“ಅವ್ರೆ. ನಾನೇ ಬೇಡ ಅಂದೆ.”

“ಬುಡಪ್ಪಾ ಹಂಗಾದ್ರೆ! ಸುಲಭದಲ್ಲಿ ಮುಗಿಯೋದನ್ನ ನೀನೇ ಕಗ್ಗಂಟು ಮಾಡ್ದೆ. ಮಗಳ ಮದ್ವೆ ಇಟ್ಕೊಂಡಿದೀನಿ, ಈಗ ನಂಗೆ ಎನ್ಕ್ವೈರಿ ಬೇಡ. ನನ್ನ ಹೆಸ್ರು ತರ್ಬೇಡ, ಅಷ್ಟೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ಅವನನ್ನು ಮನಸ್ಸಿನಲ್ಲೇ ಬೈದೆ. ಪುಕ್ಕಲ ಅಂದುಕೊಂಡೆ. ಅವನು ಹೇಳಿದ್ದರಲ್ಲಿ ನ್ಯಾಯ ಇದ್ದದ್ದು ಆಗ ತಲೆಗೆ ಹತ್ತಲಿಲ್ಲ. ಕೊನೆಯ ದಿನಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು.

ಶುಕ್ರವಾರ ಬೆಳಿಗ್ಗೆ ಕಚೇರಿಗೆ ಬೇಗ ಹೋಗಿ ಪತ್ರ ಟೈಪ್ ಮಾಡಿದೆ. ‘ಕಳೆದ ವರ್ಷ ನನ್ನ ಹೆಸರಿಗೆ ನೀಡಲಾದ ಸರ್ಟಿಫಿಕೇಟಿನ ಪರೀಕ್ಷೆಯನ್ನು ನಾನು ಬರೆದಿರುವುದಿಲ್ಲ. ಕಣ್ಣು ಕಾಣುವ ಒಬ್ಬರು ನನ್ನ ಪರವಾಗಿ ಬರೆದಿರುತ್ತಾರೆ. ಕಣ್ಣು ಕಾಣದವರು ಸ್ವತಂತ್ರವಾಗಿ ಈ ಕೋರ್ಸನ್ನು ಮುಗಿಸಲು ಸಾಧ್ಯವೇ ಇರುವುದಿಲ್ಲ.’ ಇಲ್ಲಿಗೆ ನಿಲ್ಲಿಸಬಹುದಿತ್ತು. ಗೆಳೆಯನ ಮೇಲಿನ ಕೋಪ ಇನ್ನೂ ಆರಿರಲಿಲ್ಲ. ‘ಆದ್ದರಿಂದ ಪಟ್ಟಿಯಲ್ಲಿರುವ ಇತರ ಅಂಧ ನೌಕರರ ಫಲಿತಾಂಶವನ್ನೂ ಆಧಾರವಾಗಿ ಪರಿಗಣಿಸಬಾರದು’ ಎಂದು ಸೇರಿಸಿದೆ. ಯಾರ ಹೆಸರನ್ನೂ ಬರೆದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸ್ಕ್ರೀನ್ ರೀಡರಿನಲ್ಲಿ ಎರಡು ಸಲ ಓದಿಸಿ ಕೇಳಿ, ತರಬೇತಿ ಅಧಿಕಾರಿಗೂ ಕಂಪನಿಗೂ ಕಳಿಸಿದೆ. ಎದೆ ಹಗುರವಾಯಿತು. ಆ ಮಧ್ಯಾಹ್ನ ಹೊಟ್ಟೆ ತುಂಬಾ ಊಟ ಮಾಡಿದ್ದು ನೆನಪಿದೆ.

ಅಂದೇ ಸಂಜೆ ಐದಕ್ಕೆ, ಕಚೇರಿ ಬಾಗಿಲು ಹಾಕುವ ಮುಂಚೆ, ಸುತ್ತೋಲೆ ಬಂತು. ಸರ್ಕಾರ ಅಷ್ಟು ಬೇಗ ಕೆಲಸ ಮಾಡಿದ್ದನ್ನು ನನ್ನ ಇಡೀ ನೌಕರಿಯಲ್ಲಿ ಕಂಡಿಲ್ಲ. ಪ್ಲೇಯರಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ತರಬೇತಿ ಪರೀಕ್ಷೆಯಲ್ಲಿ ಬೇರೆಯವರ ಸಹಾಯ ಪಡೆಯುತ್ತಿರುವುದು ಗಮನಕ್ಕೆ ಬಂದಿರುವುದರಿಂದ, ಇನ್ನು ಮುಂದೆ ಅಂಧ ನೌಕರರು ತುಮಕೂರಿನ ತರಬೇತಿ ಕೇಂದ್ರಕ್ಕೇ ಬಂದು, ಅಧಿಕಾರಿಯ ಎದುರು, ಯಾರ ನೆರವೂ ಇಲ್ಲದೆ ಕೋರ್ಸ್ ಮುಗಿಸಬೇಕು. ಈಗಾಗಲೇ ನೀಡಿರುವ ಸರ್ಟಿಫಿಕೇಟುಗಳನ್ನು ತಡೆಹಿಡಿಯಲಾಗಿದೆ. ನೆರವು ನೀಡಿದವರ ಮೇಲೆ ಶಿಸ್ತುಕ್ರಮ.

ನಾನು ಓಡಿಹೋಗಿ ಅಧಿಕಾರಿಯನ್ನು ಹಿಡಿದೆ. “ಸಾರ್, ನಾನು ಬರೆದದ್ದು ಸಾಫ್ಟ್‌ವೇರ್ ಬಗ್ಗೆ.”

“ನೀವು ಬರೆದದ್ದು ನಕಲು ನಡೆದಿದೆ ಅಂತ. ಬರವಣಿಗೆಯಲ್ಲಿ ಕೊಟ್ಟ ಮೇಲೆ ನಾನು ಸುಮ್ನೆ ಕೂತ್ಕೊಳ್ಳೋ ಹಾಗಿಲ್ಲ. ನಾಳೆ ನನ್ನನ್ನ ಕೇಳ್ತಾರೆ. ಸಾಫ್ಟ್‌ವೇರ್ ವಿಷಯ ಕಂಪನಿಗೆ ಬರೆದಿದೀನಿ.”

“ಆ ಹುಡುಗಿಗೆ ಅವಧಿ ಆದ್ರೂ ಕೊಡಿ.”

“ಪ್ರೊಬೇಷನ್ ಅವಧಿ ನನ್ನ ವ್ಯಾಪ್ತಿಗೆ ಬರಲ್ಲ.”

ಅವಳ ಮೇಲಧಿಕಾರಿಗೆ ಫೋನ್ ಮಾಡಿದೆ. ತರಬೇತಿ ವಿಭಾಗದಿಂದ ಪತ್ರ ಬಂದರೆ ನೋಡೋಣ ಎಂದರು. ತರಬೇತಿ ವಿಭಾಗದವರು ಅವಳ ಕಚೇರಿಯಿಂದ ಪತ್ರ ಬರಲಿ ಎಂದರು. ಕಂಪನಿಯಿಂದ ಎರಡು ಸಾಲು ಬಂತು: ನಿಮ್ಮ ಸಲಹೆಗಳನ್ನು ಮುಂದಿನ ಆವೃತ್ತಿಯಲ್ಲಿ ಪರಿಗಣಿಸಲಾಗುವುದು. ಕುಣಿಗಲ್ಲಿನ ಗೆಳೆಯ ಫೋನ್ ಮಾಡಿ ಒಂದೇ ಮಾತು ಹೇಳಿದ, “ನಂಗೆ ಇಂಥ ದ್ರೋಹ ಬ್ಯಾಡಾಗಿತ್ತು ಕಣೋ,” ಅಂತ. ಕೋಡುಬಳೆಯ ಸಹೋದ್ಯೋಗಿ ನನ್ನ ಜೊತೆ ಮಾತು ಬಿಟ್ಟರು. ನೆರವು ಕೊಟ್ಟವರು ಯಾರೆಂದು ಕೇಳಿ ನನಗೆ ನೋಟಿಸ್ ಬಂದಿತ್ತು. ಹೆಸರು ಹೇಳುವುದಿಲ್ಲ ಎಂದು ಉತ್ತರ ಕೊಟ್ಟೆ. ಅವರಿಗೆ ನಾನು ಮಾಡಬಹುದಾಗಿದ್ದ ಉಪಕಾರ ಅದೊಂದೇ.

ಕೊನೆಯ ದಿನ ನಾವಿಬ್ಬರೂ ತರಬೇತಿ ಕೇಂದ್ರದಲ್ಲಿ ಅಕ್ಕಪಕ್ಕ ಕುಳಿತೆವು. ನನ್ನ ಸರ್ಟಿಫಿಕೇಟೂ ತಡೆಹಿಡಿದಿದ್ದರಿಂದ ನಾನೂ ಮತ್ತೆ ಬರೆಯಬೇಕಿತ್ತು. ಅದೇ ಅಧಿಕಾರಿ ನಮ್ಮಿಬ್ಬರ ಹಿಂದೆ ಕುರ್ಚಿ ಹಾಕಿಕೊಂಡರು. ಪುಟ ತೆರೆದು ಟ್ಯಾಬ್ ಒತ್ತಿದೆ. ‘ಪ್ಲೇ, ಬಟನ್’ ಎಂದಿತು ಸ್ಕ್ರೀನ್ ರೀಡರ್. ಎಂಜಿನಿಯರ್ ಹೇಳಿದಂತೆ ಹೆಸರು ಹಾಕಿಸಿದ್ದ. ಇನ್ನೊಮ್ಮೆ ಒತ್ತಿದೆ, ‘ವಾಲ್ಯೂಮ್’. ಪಕ್ಕದಿಂದ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು.

“ಮೇಷ್ಟ್ರೇ, ಬರ್ತಾ ಇದೆ!”

“ಮಾತಾಡೋ ಹಾಗಿಲ್ಲಮ್ಮಾ,” ಎಂದರು ಅಧಿಕಾರಿ, ಮೆತ್ತಗೆ.

ಆರು ನಿಮಿಷ ನಾವಿಬ್ಬರೂ ಪಾಠವನ್ನು ನಿಲ್ಲಿಸುತ್ತಾ, ಓಡಿಸುತ್ತಾ ಕೇಳಿದೆವು. ಆಮೇಲೆ ಸದ್ದು ನಿಂತಿತು, ಮೊದಲು ಅವಳದ್ದು, ಆಮೇಲೆ ನನ್ನದು. ಪ್ರಶ್ನೆ ಬಂದಿದೆ ಎಂದು ಈಗ ಇಬ್ಬರಿಗೂ ಗೊತ್ತಿತ್ತು. ಫೈಲುಗಳು ಯಾವುವು, ಯಾವುದನ್ನು ಎಲ್ಲಿಡಬೇಕು ಎಂಬ ನಿಯಮವೂ ಅವಳಿಗೆ ಕಂಠಪಾಠವಾಗಿತ್ತು. ಉತ್ತರ ಗೊತ್ತಿದ್ದೂ ಕೊಡಲು ದಾರಿ ಇರಲಿಲ್ಲ. ಅವಳು ಇದ್ದಬದ್ದ ಕೀಗಳನ್ನೆಲ್ಲ ಒತ್ತುತ್ತಿದ್ದಳು. ಬಾಣದ ಕೀ, ಎಂಟರ್, ಸ್ಪೇಸ್, ಮತ್ತೆ ಬಾಣದ ಕೀ. ನಮ್ಮ ಬೆನ್ನ ಹಿಂದೆ ಕುಳಿತವರಿಗೆ ಪರದೆ ಪೂರ್ತಿ ಕಾಣುತ್ತಿತ್ತು. ಒಮ್ಮೆ ಕುರ್ಚಿ ಕಿರುಗುಟ್ಟಿತು, ಅವರು ಮುಂದಕ್ಕೆ ಬಾಗಿದರು ಅನ್ನಿಸಿತು. ಆಮೇಲೆ ಹಿಂದಕ್ಕೆ ಒರಗಿದರು. ಪಾಠ ಮೊದಲಿನಿಂದ ಶುರುವಾಯಿತು.

ಹೀಗೆ ಸಂಜೆಯವರೆಗೆ ಕುಳಿತೆವು. ಅಧಿಕಾರಿ ‘ಪೂರ್ಣಗೊಳಿಸಿರುವುದಿಲ್ಲ’ ಎಂದು ಬರೆದು, ಇಬ್ಬರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಂಡರು. “ಏನ್ ಮಾಡೋದು ಹೇಳಿ,” ಎಂದರು. ಅವರಿಗೂ ಬೇಸರವಾಗಿದ್ದದ್ದು ನಿಜ.

ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತೆವು. ನಾನು ಮುಂದಿನ ಹೋರಾಟದ ಬಗ್ಗೆ ಹೇಳತೊಡಗಿದೆ. ಅಂಗವಿಕಲರ ಆಯುಕ್ತರಿಗೆ ದೂರು ಕೊಡೋಣ, ಈಗ ಡೇಟಾದಲ್ಲಿ ನಮ್ಮಿಬ್ಬರ ಫೇಲ್ಯೂರ್ ಇದೆ, ಯಾರೂ ಅಲ್ಲಗಳೆಯುವ ಹಾಗಿಲ್ಲ ಅಂತೆಲ್ಲ. ಅವಳು ಸ್ವಲ್ಪ ಹೊತ್ತು ಕೇಳಿದಳು.

“ಶನಿವಾರ ಮಾಡ್ಸೋದು ಅಂತ ಇತ್ತು ಮೇಷ್ಟ್ರೇ.”

“ಏನನ್ನ?”

“ಆಪರೇಟರ್ ಅಕ್ಕನ ಕೈಲಿ. ದಿನ ಹತ್ರ ಬಂತು ಅಂತ ಭಯ ಆಯ್ತು. ನಿಮಗೆ ಹೇಳಿದ್ರೆ ಬೇಜಾರ್ ಮಾಡ್ಕೋತೀರ ಅಂತ ಹೇಳ್ಲಿಲ್ಲ. ಶನಿವಾರ ಅವ್ರು ಬರ್ತೀನಿ ಅಂದಿದ್ರು. ಶುಕ್ರವಾರ ನಿಮ್ಮ ಕಾಗ್ದ ಹೋಯ್ತು.”

ನಾನು ನನ್ನ ಕೋಲನ್ನು ಮಡಚಿದೆ, ಮತ್ತೆ ಬಿಡಿಸಿದೆ.

“ನೀವು ಸುಳ್ಳು ಹೇಳ್ಬೇಕಿತ್ತು ಅಂತ ನಾನು ಅನ್ನಲ್ಲ,” ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. “ಹುಟ್ಟಿದಾಗಿಂದ ಎಲ್ರೂ ನನ್ ಪರವಾಗಿ ಅವ್ರೇ ತೀರ್ಮಾನ ಮಾಡ್ಕೊಂಡು ಬಂದವ್ರೆ. ಕಣ್ಣಿರೋರು ಮಾಡ್ತಾರೆ, ಸರಿ. ನೀವಾದ್ರೂ ನನ್ನ ಒಂದ್ಮಾತು ಕೇಳ್ಬೋದಿತ್ತು.”

ಕೇಳಬಹುದಿತ್ತು. ವರದಿ ಬರೆದೆ, ದೂರು ಕೊಟ್ಟೆ, ಕುಣಿಗಲ್ಲಿಗೆ ಹೋಗಿ ಗೆಳೆಯನನ್ನು ಕೇಳಿದೆ, ಅಧಿಕಾರಿಯನ್ನು ಕೇಳಿದೆ, ಗುರುತಿಲ್ಲದ ಎಂಜಿನಿಯರನ್ನು ಕೇಳಿದೆ. ಯಾರ ಕೆಲಸ ಹೋಗುವುದರಲ್ಲಿತ್ತೋ ಅವಳನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಅಳು ಬಂತು. ಅವಳ ಎದುರು ಅಳಬಾರದೆಂದು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ. ಬಸ್ ಸ್ಟ್ಯಾಂಡಿನವರೆಗೆ ಬರಲಾ ಎಂದೆ. ಬೇಡ, ಆಟೋ ಹಿಡೀತೀನಿ ಎಂದು ಎದ್ದು ಹೊರಟಳು. ಅವಳ ಕೋಲಿನ ಸದ್ದು ಗೇಟಿನವರೆಗೂ ಕೇಳಿಸಿತು.

ಹದಿನೈದು ದಿನದ ಮೇಲೆ ಅವಳನ್ನು ಕೆಲಸದಿಂದ ಬಿಡುಗಡೆ ಮಾಡಿದ ಆದೇಶ ಬಂತು. ನಾನು ಆಯುಕ್ತರಿಗೆ ಅರ್ಜಿ ಟೈಪ್ ಮಾಡಿದೆ. ನಾಲ್ಕು ಪುಟ, ಈ ಸಲ ಒಂದು ಸಾಲೂ ಹೆಚ್ಚಿಲ್ಲ. ಕಳಿಸುವ ಮೊದಲು ಅವಳಿಗೆ ಓದಿ ಹೇಳಿ, ಕಳಿಸಲೇ ಎಂದು ಕೇಳಲು ಫೋನ್ ಮಾಡಿದೆ. ಕಡಬದಲ್ಲಿ ಅವಳ ತಾಯಿ ಎತ್ತಿದರು. ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು, ಅದು ನಿಂತಿತು.

“ಅವ್ಳು ಆಮೇಲೆ ಮಾಡ್ತಾಳಂತೆ ಸಾರ್,” ಎಂದರು ತಾಯಿ.

ಅವಳು ಮಾಡಿಲ್ಲ. ಅರ್ಜಿ ನನ್ನ ಕಂಪ್ಯೂಟರಿನಲ್ಲೇ ಇದೆ, ನಾನು ಕಳಿಸಿಲ್ಲ.